ಕುರಿಹಟ್ಟಿಗೆ ಹೋಗಬೇಕಾದ ಗಾಡಿ

ಇರಕಲ್ಲಗಡಕ್ಕೆ ಬಂದು ಹೊಳಿಯಪ್ಪನ ಮನೆ ಯಾವುದು ಎಂದು ಕೇಳಿದರೆ ಜನ ದಾರಿ ತೋರಿಸುವ ಮೊದಲು ಒಮ್ಮೆ ನಗುತ್ತಾರೆ. ಅಂಗಳದಲ್ಲಿ ಒಂಟೆಯಂಥ ಗಾಡಿ ನಿಂತಿರುತ್ತದಲ್ಲ, ಅದೇ ಮನೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆ ಮೋಟರ್‌ಬೈಕಿನ ಸೀಟು ನಿಂತ ಮನುಷ್ಯನ ಸೊಂಟಕ್ಕಿಂತ ಮೇಲಿದೆ. ಮುಂದಿನ ಮಡ್‌ಗಾರ್ಡ್ ಹದ್ದಿನ ಕೊಕ್ಕಿನ ಹಾಗೆ ಗಾಲಿಯಿಂದ ಗೇಣುದ್ದ ಎತ್ತರದಲ್ಲಿ ಚಾಚಿದೆ. ಗಾಲಿಗಳ ಮೈತುಂಬ ಅಡಿಕೆ ಗಾತ್ರದ ಗುಬುಟುಗಳು. ಕಲ್ಲು, ಕೊರಕಲು, ಉಸುಕು, ಎಲ್ಲಿ ಬಿಟ್ಟರೂ ಹೋಗುವಂಥದ್ದು. ಹನುಮನಹಳ್ಳಿಯಲ್ಲಿ ಗುಡ್ಡ ನೋಡಲು ಬರುವ ಹುಡುಗರಿಗೆ ಬಾಡಿಗೆಗೆ ಓಡುತ್ತಿದ್ದ ಗಾಡಿ ಅದು. ಓಡಿ ಓಡಿ ಅದರ ಮೇಲೆ ಗೀರಿಲ್ಲದ ಜಾಗವೇ ಉಳಿದಿರಲಿಲ್ಲ. ಅಂಥದ್ದನ್ನು ಅರವತ್ತೆರಡು ವರ್ಷದ, ಬಲಮೊಣಕಾಲು ಮಡಚಲು ಬಾರದ ಮನುಷ್ಯ ದಸರೆಯ ಹೊತ್ತಿಗೆ ಕೊಂಡು ತಂದರೆ ಊರು ನಗದೆ ಏನು ಮಾಡೀತು?

ಹೊಳಿಯಪ್ಪ ಆ ಗಾಡಿಯಲ್ಲಿ ನೋಡಿದ್ದು ಎರಡೇ. ಒಂದು, ಅದು ದಾರಿಯಿಲ್ಲದ ಹೊಲದಲ್ಲೂ ಹೋಗುತ್ತದೆ. ಎರಡು, ಅದಕ್ಕೆ ಸೆಲ್ಫ್ ಇದೆ. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಚಾಲೂ ಆಗುತ್ತದೆ, ಕಾಲಿನಿಂದ ಕಿಕ್ ಹೊಡೆಯುವ ಗೋಜಿಲ್ಲ. ದಾರಿಯಿಲ್ಲದ ಹೊಲದಲ್ಲಿ ಈ ಮುದುಕನಿಗೆ ಏನು ಕೆಲಸ ಎಂದರೆ, ಅಲ್ಲಿ ಅವನ ಮಗಳಿದ್ದಳು.

ಹೊಳಿಯಪ್ಪ ಹುಟ್ಟಿದ್ದೇ ಮೇವು ಹುಡುಕಿ ಊರೂರು ಅಲೆಯುವ ಕುರಿಹಟ್ಟಿಯಲ್ಲಿ. ಒಂಬತ್ತು ವರ್ಷದವನಾಗುವ ತನಕ ಅಪ್ಪನ ಕುರಿಗಳ ಹಿಂದೆ ನಡೆದವನು. ಒಂದು ಮಳೆಗಾಲ ಕುರಿಗಳ ಬಾಯಿ ಹುಣ್ಣಾಗಿ ನಾಲಿಗೆ ನೀಲಿಯಾಗುವ ರೋಗ ಬಂತು. ಇಪ್ಪತ್ತು ದಿನದಲ್ಲಿ ಹಟ್ಟಿಗೆ ಹಟ್ಟಿಯೇ ಖಾಲಿ. ಅಪ್ಪ ಊರಲ್ಲಿ ನಿಂತು ಕೂಲಿಗೆ ಹೋದ, ಮಗನನ್ನು ಸಾಲೆಗೆ ಹಾಕಿದ. ಏಳನೆಯ ಇಯತ್ತೆ ಮುಗಿಸಿದ ಮೇಲೆ ದನದ ದವಾಖಾನೆಯಲ್ಲಿ ಜವಾನನ ಕೆಲಸ ಸಿಕ್ಕಿತು. ಕಸ ಹೊಡೆಯುವುದು, ಸೂಜಿ ಕುದಿಸುವುದು, ದನದ ಕಾಲು ಹಿಡಿಯುವುದು. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದ. ಆದರೆ ಕುರಿಗಾರರು ದವಾಖಾನೆಗೆ ಬಂದರೆ ಕೋಟಿನ ಡಾಕ್ಟರರನ್ನು ಕೇಳುತ್ತಿರಲಿಲ್ಲ, 'ಹೊಳಿಯಪ್ಪ ಅದಾನೇನ್ರಿ' ಎನ್ನುತ್ತಿದ್ದರು. ಕುರಿಯ ಕಣ್ಣರೆಪ್ಪೆ ಮಗುಚಿ ನೋಡಿ, ಉಸಿರು ಮೂಸಿ, ಇಂಥ ರೋಗ ಎನ್ನುತ್ತಿದ್ದ. ರಿಟೈರಾಗಲು ಮೂರು ವರ್ಷ ಇರುವಾಗ ಒಂದು ಹೋರಿ ಒದ್ದು ಮೊಣಕಾಲಿನ ಚಿಪ್ಪು ಒಡೆಯಿತು. ಅಂದಿನಿಂದ ಆ ಕಾಲು ಕೋಲಿನಂತೆ ನೆಟ್ಟಗೆ.

ಮಗಳು ನೇತ್ರಾವತಿ ಹತ್ತನೆಯ ಇಯತ್ತೆ ಪಾಸಾಗಿದ್ದಳು. ಪಗಾರ ಇರುವ ಹುಡುಗನಿಗೆ ಕೊಡೋಣ ಎಂದು ಹೆಂಡತಿ ಹುಲಿಗವ್ವ ಹಟ ಹಿಡಿದಿದ್ದಳು. ಅಷ್ಟರಲ್ಲಿ ಒಂದು ದಿನ ಅಥಣಿ ಕಡೆಯ ಕುರಿಗಾರ ಹುಡುಗನೊಬ್ಬ ಕಂಬಳಿಯೊಳಗೆ ಮರಿ ಇಟ್ಟುಕೊಂಡು ದವಾಖಾನೆಗೆ ಬಂದ. ಹೆಸರು ಕಲ್ಲೇಶ. ಸೂಜಿ ಚುಚ್ಚುವಾಗ ಮರಿಯ ಕಾಲನ್ನು ಬಿಗಿಯಾಗಿ ಹಿಡಿಯಲೂ ಇಲ್ಲ, ಸಡಿಲ ಬಿಡಲೂ ಇಲ್ಲ. ಬಾಯಲ್ಲಿ ಏನೋ ಗುನುಗುತ್ತಿದ್ದ, ಮರಿ ಅಲುಗಾಡದೆ ನಿಂತಿತ್ತು. ಹೊಳಿಯಪ್ಪ ಅಂದು ಸಂಜೆಯೇ ಮನೆಗೆ ಬಂದು, ಗಂಡು ಸಿಕ್ಕ ಎಂದ. ಕುರಿಯನ್ನು ಹಾಗೆ ಹಿಡಿಯುವವನು ಹೆಂಡತಿಯನ್ನು ಹೊಡೆಯಲಾರ ಎಂಬುದು ಅವನ ಲೆಕ್ಕ. ಅದು ತಪ್ಪಲಿಲ್ಲ. ಆದರೆ ತನ್ನ ಎದೆಯೊಳಗೆ ಐವತ್ತು ವರ್ಷದಿಂದ ಮಲಗಿದ್ದ ಒಂದು ಆಸೆ ಆ ದಿನ ಎದ್ದು ಕೂತಿತ್ತು, ಮಗಳನ್ನು ತಾನು ಕೊಟ್ಟದ್ದು ಕಲ್ಲೇಶನಿಗೋ ಆ ಆಸೆಗೋ ಎಂಬ ಮಾತು ಅವನಿಗೆ ಹೊಳೆದದ್ದು ಬಹಳ ತಡವಾಗಿ.

ಮೊದಮೊದಲು ನೇತ್ರಾವತಿ ವರ್ಷಕ್ಕೆರಡು ಸಲ ತವರಿಗೆ ಬರುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಕುರಿಗಳು ಕೃಷ್ಣಾ ನದಿ ದಾಟಿ ಈ ಕಡೆ ಇಳಿಯುತ್ತವೆ, ಕುಷ್ಟಗಿ, ಯಲಬುರ್ಗಾ ಹಾಯ್ದು ಗಂಗಾವತಿಯ ಕಾಲುವೆ ಸೀಮೆಯಲ್ಲಿ ಕೊಯ್ದ ಭತ್ತದ ಗದ್ದೆ ಮೇಯುತ್ತವೆ. ಮುಂಗಾರು ಬೀಳುವ ಮುಂಚೆ ಅದೇ ದಾರಿಯಲ್ಲಿ ತಿರುಗಿ ಹೋಗುತ್ತವೆ. ಹೋಗುವಾಗ ಬರುವಾಗ ಆಕೆ ಎರಡು ದಿನ ಇದ್ದು ಹೋಗುತ್ತಿದ್ದಳು. ಮಗಳು ಶ್ವೇತಾ ಹುಟ್ಟಿದ್ದೂ ಇಲ್ಲೇ. ಆಮೇಲೆ ಕಲ್ಲೇಶನ ಅಣ್ಣತಮ್ಮಂದಿರು ಬೇರೆಯಾದರು, ಇನ್ನೂರು ಕುರಿಗೆ ಗಂಡಹೆಂಡಿರಿಬ್ಬರೇ ಉಳಿದರು. ಹಟ್ಟಿ ಬಿಟ್ಟು ಒಂದು ದಿನ ಸರಿಯಲಾಗದ ಹಾಗಾಯಿತು. ಎರಡು ವರ್ಷವಾಯಿತು, ತಂದೆ ಮಗಳ ಮುಖ ನೋಡಿಲ್ಲ.

"ನಿಮ್ಮ ಕೈಯಾರೆ ಕೊಟ್ರಿ," ಎನ್ನುತ್ತಿದ್ದಳು ಹುಲಿಗವ್ವ. "ಈಗ ಮೋಡ ಹುಡುಕ್ದಂಗ ಹುಡುಕ್ರಿ."

ಹುಡುಕಿದ್ದ. ಹಿಂದಿನ ವರ್ಷ ಬಸ್ಸು ಹತ್ತಿ ಕಾಲುವೆ ಸೀಮೆಗೆ ಹೋಗಿ, ಇಳಿದಲ್ಲಿ ಕೇಳಿದರೆ ಇಲ್ಲಿಂದ ಮೂರು ಮೈಲಿ ಒಳಗಿದ್ದಾರೆ ಎಂದರು. ಕೋಲಿನಂಥ ಕಾಲು ಎಳೆದುಕೊಂಡು ಅಲ್ಲಿಗೆ ಮುಟ್ಟಿದರೆ ನಿನ್ನೆಯೇ ಎದ್ದು ಹೋದರು ಎಂದರು. ಹಟ್ಟಿಯ ಫೋನು ಯಾರದೋ ತೋಟದ ಮನೆಯಲ್ಲಿ ಚಾರ್ಜಿಗೆ ಇಟ್ಟಾಗ ಮಾತ್ರ ಮಾತಾಡುತ್ತದೆ. ಅದಕ್ಕೇ ಈ ಗಾಡಿ. ಮಗ ದುರಗೇಶ ಬಸ್ ಕಂಡಕ್ಟರ್. ರಜೆ ಸಿಕ್ಕಾಗ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದ, ಅವನ ರಜೆಗೂ ಕುರಿಗಳ ನಡಿಗೆಗೂ ಒಮ್ಮೆಯೂ ತಾಳೆಯಾಗಲಿಲ್ಲ.

ಗಾಡಿ ತಂದು ಎರಡು ತಿಂಗಳು ಚೆಂದವಾಗಿ ಓಡಿತು. ಹೊಳಿಯಪ್ಪ ಬಲಗಡೆಯಿಂದ, ಒಂದು ಕಲ್ಲೋ ಕಟ್ಟೆಯೋ ನೋಡಿ, ಎಡಗಾಲು ಎತ್ತಿ ಹತ್ತುತ್ತಿದ್ದ. ಬಲಗಾಲಿನ ತುದಿಬೆರಳಲ್ಲಿ ಬ್ರೇಕು ಒತ್ತುವುದನ್ನು ಕಲಿತ. ದೀಪಾವಳಿಯಾಗಿ ತಿಂಗಳಿಗೆ ಬರುವ ಛಟ್ಟಿ ಅಮಾವಾಸ್ಯೆ ಕಳೆದ ವಾರಕ್ಕೆ ಕುರಿಗಳು ಇಳಿದುಬಂದ ಸುದ್ದಿ ಬಂತು, ಬೇವೂರಿನ ಆಚೆ ಕರಿಮಣ್ಣಿನ ಎರೆಹೊಲದಲ್ಲಿದ್ದಾರೆ ಎಂದು. ಹೊರಟ. ಹೊಲದ ಬದು ಹತ್ತಿಸುವಾಗ ಗಾಡಿ ಬಂದಾಯಿತು. ಸೆಲ್ಫ್ ಒತ್ತಿದರೆ ಟಕ್ ಎಂದಿತು. ಇನ್ನೊಮ್ಮೆ ಒತ್ತಿದ, ಟಕ್. ಹಳ್ಳದ ಆಚೆ ದಿನ್ನೆಯ ಮೇಲೆ ಬಿಳಿ ಕರಿ ಚುಕ್ಕಿಗಳಂತೆ ಕುರಿಗಳು ಹೋಗುತ್ತಿದ್ದವು. ಹಿಂದೆ ಒಂದು ಕೆಂಪು ಸೀರೆ. ಕೂಗಿದ, ಗಾಳಿ ಎದುರಿನಿಂದ ಬೀಸುತ್ತಿತ್ತು. ಹಾರ್ನ್ ಒತ್ತಿ ಹಿಡಿದ, ಅದು ಗಟ್ಟಿಯಾಗಿಯೇ ಕೂಗಿತು, ಕೆಂಪು ಸೀರೆ ಒಮ್ಮೆ ತಿರುಗಿ ನಿಂತಂತೆಯೂ ಕಂಡಿತು. ಯಾವುದೋ ಲಾರಿ ಎಂದುಕೊಂಡಳೇನೋ. ಸೀರೆ ಮತ್ತೆ ನಡೆಯಿತು, ಚುಕ್ಕಿಯಾಯಿತು, ಧೂಳಾಯಿತು. ಇಳಿಹೊತ್ತಿಗೆ ಟ್ರ್ಯಾಕ್ಟರಿನವನೊಬ್ಬ ಬಂದು ಕಿಕ್ ಹೊಡೆದುಕೊಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಕಂಡ್ಲು. ಮಾತಾಡ್ಲಿಲ್ಲ."

ಆಮೇಲೆ ಗಾಡಿ ಹೀಗೇ ಆಟವಾಡಿತು. ನಾಲ್ಕು ದಿನ ಸೆಲ್ಫ್ ಹೊಡೆಯುತ್ತಿತ್ತು, ಆಮೇಲೆ ಟಕ್ ಎನ್ನುತ್ತಿತ್ತು. ಕ್ರಾಸಿನಲ್ಲಿ ಗ್ಯಾರೇಜು ಇಟ್ಟ ಮುನವ್ವರ ಮೂರು ಸಲ ಬ್ಯಾಟರಿ ಬಿಚ್ಚಿ ಚಾರ್ಜಿಗೆ ಹಾಕಿದ, ಯುಗಾದಿಗೆ ಹೊಸ ಬ್ಯಾಟರಿಯನ್ನೇ ಕೂರಿಸಿದ. ಮನೆಯಲ್ಲಿ ಯಾರಾದರೂ ಕಿಕ್ ಹೊಡೆದು ಕೊಡಬಹುದಿತ್ತು ನಿಜ. ಆದರೆ ಹೊಲದ ನಡುವೆ ಬಂದಾದರೆ ಯಾರಿದ್ದಾರೆ? ಹೊಳಿಯಪ್ಪ ಊರ ಸುತ್ತ ಮಾತ್ರ ಓಡಾಡಿದ. ಎಲ್ಲಿ ನಿಲ್ಲಿಸಿದರೂ ಎಂಜಿನ್ ಆರಿಸುತ್ತಿರಲಿಲ್ಲ. ಚಹಾ ಕುಡಿಯುವಾಗಲೂ ಗಾಡಿ ಪಕ್ಕದಲ್ಲಿ ಗುರುಗುಡುತ್ತಾ ನಿಂತಿರುತ್ತಿತ್ತು.

ಹೀಗಿರುವಾಗ ಮುಂಗಾರಿಗೆ ಮುಂಚಿನ ಬಾದಾಮಿ ಅಮಾವಾಸ್ಯೆಯ ಮಧ್ಯಾಹ್ನ ಫೋನು ಬಂತು.

"ಯಪ್ಪಾ, ನಾ ನೇತ್ರಾ. ಬೇವೂರ ಆಚೆ ಹೋದ ಸಲದ ಹೊಲದಾಗ ಇಳದೀವಿ. ಮಳಿ ಮೋಡ ಕಟ್ಟೇತಿ. ನಾಡದ ನಸಿಕಿನ್ಯಾಗ ಎದ್ದು ಬಿಡತೀವಿ. ಎರಿ ತೊಯ್ದರ ಕುರಿಗೆ ಕಾಲು ಕೀಳಾಕ ಆಗಂಗಿಲ್ಲ."

"ನಾಳಿ ಬರತೀನಿ ಯವ್ವಾ."

"ಬರತೀಯಾ?" ಎಂದಳು. ಆ ಕೇಳುವಿಕೆಯಲ್ಲಿ ನಂಬಿಕೆಯಿರಲಿಲ್ಲ, ದೂರೂ ಇರಲಿಲ್ಲ. "ಫೋನ ಸಾಯಾಕತ್ತೈತಿ, ಇಡತೀನಿ."

ಹೊಳಿಯಪ್ಪ ಎದ್ದು ಅಂಗಳಕ್ಕೆ ಹೋಗಿ ಸೆಲ್ಫ್ ಒತ್ತಿದ. ಟಕ್.

ಕುರಿ ಹೊಳೆ ದಾಟಿದರೆ ಮತ್ತೆ ಬರುವುದು ದೀಪಾವಳಿಯ ಆಚೆಗೆ. ಅಷ್ಟರಲ್ಲಿ ತನ್ನ ಕಾಲು ಹೇಗಿರುತ್ತದೋ, ಕಣ್ಣು ಹೇಗಿರುತ್ತದೋ. ಮಗಳಿಗೆ ಕೇಳಬೇಕಾದ ಮಾತೊಂದಿತ್ತು. ನಾನು ನಿನ್ನನ್ನು ಅಲ್ಲಿಗೆ ಕೊಟ್ಟದ್ದು ಸರಿಯೋ ತಪ್ಪೋ ಎಂದು. ಅದು ಫೋನಿನಲ್ಲಿ ಕೇಳುವ ಮಾತಲ್ಲ. ಮುಖ ನೋಡಿ ಕೇಳಬೇಕು, ಮುಖ ನೋಡಿ ಉತ್ತರ ತಿಳಿದುಕೊಳ್ಳಬೇಕು.

ಮುನವ್ವರ ನಾಲ್ಕು ಗಂಟೆಗೆ ಚೀಲ ಹಿಡಿದು ಮನೆಗೇ ಬಂದ. ಅವನು ಹೊಳಿಯಪ್ಪನ ಎದುರೇ ಬೆಳೆದ ಹುಡುಗ, ಈಗ ಅವನಿಗೂ ತಲೆಯಲ್ಲಿ ನರೆ.

"ಕಾಕಾ, ನಾ ಆವತ್ತ ಹೇಳೀನಿ. ಬಾಡಿಗಿ ಗಾಡಿ ಅಂದ್ರ ಊರ ಮಂದೆಲ್ಲಾ ಹತ್ತಿ ಇಳದ ಕತ್ತೆ ಇದ್ದಂಗ."

"ಕತ್ತೆಗೂ ದವಾ ಕೊಟ್ಟಾವ ನಾ. ನೀ ಬಾಯಿ ಬಿಟ್ಟು ಕೈ ನಡಸು."

ಮುನವ್ವರ ಕೈ ನಡೆಸಿದ. ಬ್ಯಾಟರಿಗೆ ಬಲ್ಬು ಹಚ್ಚಿ ನೋಡಿದ, ಝಗ್ಗನೆ ಉರಿಯಿತು. ಫ್ಯೂಜು ತೆಗೆದು ಬಿಸಿಲಿಗೆ ಹಿಡಿದ, ಕೂದಲಿನಂಥ ತಂತಿ ಗಟ್ಟಿಯಿತ್ತು. ಸ್ಟ್ಯಾಂಡಿನ ಸ್ವಿಚ್ಚು, ಕ್ಲಚ್ಚಿನ ಸ್ವಿಚ್ಚು ಎರಡನ್ನೂ ಬಿಚ್ಚಿ ನೇರ ಜೋಡಿಸಿದ. ಟಕ್ ಎನ್ನುವುದು ಬಿಡಲಿಲ್ಲ. ಆ ಟಕ್ ಬರುವ ಡಬ್ಬಿಯ ಎರಡು ಬೋಲ್ಟುಗಳ ಮೇಲೆ ಸ್ಕ್ರೂಡ್ರೈವರ್ ಅಡ್ಡ ಇಟ್ಟ. ಚಟಾರನೆ ಕಿಡಿ ಹಾರಿತು, ಮೋಟರು ಉಂ ಎಂದು ನರಳಿ ಸುಮ್ಮನಾಯಿತು.

"ಮೋಟರ್ ಹೋಗೇತಿ ಕಾಕಾ. ಬಿಚ್ಚಿ ಗಂಗಾವತಿಗೆ ಕಳಸೋಣು. ಒಳಗಿನ ಕಾರ್ಬನ್ ಸವದಿರತಾವ. ನಾಕೈದು ದಿನ ಹಿಡೀತೈತಿ."

"ನಾಕೈದು ದಿನಕ್ಕ ಕುರಿ ಹೊಳಿ ದಾಟಿರತಾವ."

"ನನ್ನ ಸ್ಕೂಟರ್ ಒಯ್ಯಿ ಮತ್ತ."

"ನಿನ್ನ ಸ್ಕೂಟರ್ ಎರಿ ಹೊಲದಾಗ ಹೂತ್ರ ತಗ್ಯಾಕ ಎತ್ತು ಕಳಸ್ತೀಯೇನ?"

ಮುನವ್ವರ ನಕ್ಕ, ಮೋಟರಿನ ಬೋಲ್ಟಿಗೆ ಪಾನಾ ಹಾಕಿದ. ಹೊಳಿಯಪ್ಪ ಅವನ ಕೈ ಹಿಡಿದ.

"ನಿಂದ್ರು. ಬಿಚ್ಚಬ್ಯಾಡ. ಮುಂದಿನ ದೀಪ ಹಚ್ಚು. ಹಚ್ಚಿ ಸೆಲ್ಫ್ ಒತ್ತು."

ಮುನವ್ವರ ಒತ್ತಿದ. ಟಕ್ ಟಕ್ ಎಂದಿತು. ಹೊಳಿಯಪ್ಪ ಗಾಡಿಯ ಎದುರಿಗೆ ಕೋಲುಗಾಲು ಚಾಚಿ ಕುಳಿತು ದೀಪವನ್ನೇ ನೋಡುತ್ತಿದ್ದ, ಕುರಿಯ ಕಣ್ಣು ನೋಡುವ ಹಾಗೆ.

"ಬ್ಯಾಟ್ರಿ ಇಳದ್ರ ದೀಪ ಏನಾಕ್ಕಿತ್ತು?"

"ಒತ್ತಿದ ಕೂಡ್ಲೆ ಮಂಕ ಆಕ್ಕಿತ್ತು."

"ಈಗ ಮಂಕ ಆಗವಲ್ದು. ಮೋಟರ್ ಕೆಟ್ಟು ಬಿಗಿ ಹಿಡದಿದ್ರೂ ಕರೆಂಟ್ ಜಗ್ಗಿ ಮಂಕ ಆಗಬೇಕಲ್ಲ. ನೋಡು, ಈದ ಆಕಳ ಎದ್ದು ನಿಲ್ಲಲಿಲ್ಲ ಅಂದ್ರ ನಾವು ಮೊದಲ ಕಣ್ಣು ನೋಡತೀವಿ. ಕಣ್ಣು ಮಂಕಿದ್ದು ಕಿವಿ ತಣ್ಣಗಿದ್ರ ಮೈಯಾಗ ಶಕ್ತಿ ಇಲ್ಲ, ಬಾಟ್ಲಿ ಹಚ್ಚಬೇಕು. ಕಣ್ಣು ಹೊಳಪ ಅದಾವ, ಮೇವು ತಿಂತೈತಿ, ಆದ್ರ ಏಳಾಕ ಬರವಲ್ದು ಅಂದ್ರ ರೋಗ ಹೊಟ್ಟ್ಯಾಗ ಇಲ್ಲ. ಸೊಂಟದಾಗ ನರ ಒತ್ತೇತಿ. ಆವತ್ತ ಹೊಲದಾಗೂ ಹಾರ್ನ್ ಗಟ್ಟಿ ಹೊಡೀತು ಇದು, ಕಾಲು ಮಾತ್ರ ಎತ್ತಲಿಲ್ಲ."

ಮುನವ್ವರ ಪಾನಾ ಕೆಳಗಿಟ್ಟ.

"ನರ ಅಂದ್ರ ವೈರು. ಹೋಗೋ ವೈರು ನೋಡೀನಿ. ದೀಪ ಹಾರ್ನಿಗೆ ಬ್ಯಾರೆ ಸಣ್ಣ ವೈರು ಅದಾವ. ಮೋಟರಿಂದ ಬ್ಯಾಟ್ರಿಗೆ ತಿರುಗಿ ಬರೋ ದಪ್ಪ ವೈರು ನೋಡಿಲ್ಲ." ಚೀಲದಿಂದ ಟ್ರ್ಯಾಕ್ಟರಿಗೆ ಹಚ್ಚುವ ದಪ್ಪ ವೈರು ತೆಗೆದ. ಒಂದು ತುದಿ ಬ್ಯಾಟರಿಯ ಕಪ್ಪು ಕಡೆಗೆ, ಇನ್ನೊಂದು ತುದಿ ಎಂಜಿನ್ನಿನ ಬರಿಮೈಗೆ ಒತ್ತಿಹಿಡಿದ. "ಈಗ ಒತ್ರಿ ಡಾಕ್ಟರ್ ಸಾಹೇಬ್ರ."

ಹೊಳಿಯಪ್ಪ ಒತ್ತಿದ. ಗರ್ ಎಂದು ಒಂದೇ ಸುತ್ತಿಗೆ ಗಾಡಿ ಎದ್ದಿತು. ಅಂಗಳದ ಕೋಳಿಗಳು ದಿಕ್ಕಾಪಾಲಾದವು.

ಇಬ್ಬರೂ ಬಾಗಿ ಆ ಕಪ್ಪು ವೈರು ಗಾಡಿಯ ಮೈಗೆ ಸೇರುವ ಬೋಲ್ಟು ಹುಡುಕಿದರು. ಪೆಟ್ರೋಲ್ ಟಾಕಿ ಮುಗಿದು ಸೀಟು ಶುರುವಾಗುವ ಸಂದಿಯ ನೇರ ಕೆಳಗೆ, ಕತ್ತಲಲ್ಲಿ ಅದು ಕೂತಿತ್ತು. ಮುನವ್ವರ ಮೊಬೈಲಿನ ಬೆಳಕು ಬಿಟ್ಟ. ಬೋಲ್ಟು ಕಾಣಲೇ ಇಲ್ಲ. ಅದರ ಮೇಲೆ ಹಳೆಯ ತಾಮ್ರದ ತಂಬಿಗೆಗೆ ಹತ್ತುವಂಥ ಹಸಿರು ಕಿಲುಬು ಗಡ್ಡೆಗಟ್ಟಿತ್ತು. ಸ್ಟ್ಯಾಂಡಿನ ಗುಂಟ ನೆಲದಿಂದ ಕೆಂಪಿರುವೆಗಳ ಸಾಲು ಹತ್ತಿ, ಅಲ್ಲಿಗೇ ಮುಟ್ಟಿ, ತಿರುಗಿ ಇಳಿಯುತ್ತಿತ್ತು.

"ಇರಬಿಗೆ ಕಬ್ಬಿಣದಾಗ ಏನ ಸಿಗತೈತಿ?" ಎಂದ ಮುನವ್ವರ. ಉಗುರಿನಿಂದ ಕೆರೆದು ಮೂಸಿದ. "ಕಾಕಾ, ಇಲ್ಲಿ ಏನರ ಸೀ ಚೆಲ್ಲೀರೇನು?"

ಹುಲಿಗವ್ವ ಎರಡು ಕಪ್ಪು ಚಹಾ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅವಳೇ ಹೇಳಿದಳು, ಯಾವ ಅಳುಕೂ ಇಲ್ಲದೆ: "ಕಾಯಿನೀರು ಹಾಕ್ತೀನಪಾ ನಾ. ಅಮವಾಸಿಗೊಮ್ಮಿ ಪೂಜಿ ಮಾಡಿ. ಮುಂಜಾನಿನೂ ಹಾಕೀನಿ."

ಆ ಸೀಮೆಯಲ್ಲಿ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡದ ಮನೆಯಿಲ್ಲ. ಗಾಡಿ ತೊಳೆದು, ವಿಭೂತಿ ಬಳಿದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ನೀರನ್ನು ಗಾಲಿಗೆ ಚಿಮುಕಿಸುತ್ತಾರೆ.

"ಗಾಲಿಗೆ ಹಾಕಬೇಕಲ್ಲ ಚಿಗವ್ವ?"

"ಗಾಲಿಗೆ ಎಲ್ಲಾರೂ ಹಾಕ್ತಾರ. ನಾ ಅವರು ಕುಂದ್ರೋ ಜಾಗಾಕ್ಕ ಹಾಕ್ತೀನಿ, ಟಾಕಿಗೂ ಸೀಟಿಗೂ ನಡುವ. ಬೀಳೋದು ಗಾಲಿ ಅಲ್ಲ, ಮ್ಯಾಲೆ ಕುಂತಾವ್ರು. ಒಮ್ಮೆ ಕಾಲು ಮುರಕೊಂಡಾರ, ಸಾಲದೇನು? ದೇವಿ ಹುಲಿಗೆಮ್ಮಗ ಬೇಡಕೊಂಡು ಒಂದ ಕಾಯಿ ಪೂರಾ ಅಲ್ಲೇ ಹಾಕ್ತೀನಿ."

ಮುನವ್ವರ ಹೊಳಿಯಪ್ಪನ ಮುಖ ನೋಡಿದ, ಹೊಳಿಯಪ್ಪ ಇರುವೆ ನೋಡಿದ.

"ಚಿಗವ್ವ," ಎಂದ ಮುನವ್ವರ ಮೆಲ್ಲಗೆ, "ಕಾಯಿನೀರು ವೈರಿಗೆ ಉಪ್ಪುನೀರಿದ್ದಂಗ. ಮ್ಯಾಲೆ ಹಾಕಿದ್ದು ಸಂದ್ಯಾಗ ಇಳದು ಬೋಲ್ಟ್ ತಿಂದೈತಿ. ನಂದೂ ತಪ್ಪೈತಿ. ಬ್ಯಾಟ್ರಿ ಬಿಚ್ಚಿದಾಗೊಮ್ಮೆ ಈ ವೈರ ಅಲುಗಾಡಿತ್ತು, ಕಿಲುಬು ಒಂದೀಟ ಬಿಡ್ತಿತ್ತು, ನಾಕ ದಿನ ಸೆಲ್ಫ್ ಹೊಡೀತಿತ್ತು. ನಾ ನನ್ನ ಶಾಣ್ಯಾತನ ಅಂತ ತಿಳಕೊಂಡಿದ್ದೆ."

ಹುಲಿಗವ್ವ ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟಳು. ಬೆರಳು ಮಡಚಿ ಎಣಿಸಿದಳು. "ದೀವಳಿಗಿ ಅಮವಾಸಿಗೆ ಹಾಕಿದ್ದೆ. ಛಟ್ಟಿ ಅಮವಾಸಿಗೆ ಹಾಕಿದ್ದೆ. ಆ ವಾರದಾಗ ಅಲ್ಲೇನು ಇವರು ಹೊಲದಾಗ ನಿಂತದ್ದು?"

ಅವಳು ಕಟ್ಟೆಯ ಮೇಲೆ ಕುಳಿತಳು. ಗಂಡ ಬೀಳಬಾರದೆಂದು ಬೇಡಿಕೊಂಡು ಸುರಿದ ನೀರು, ಅವನು ಮಗಳ ತನಕ ಹೋಗಬಾರದೆಂದು ಸುರಿದ ಹಾಗಾಗಿತ್ತು. ಮಗಳನ್ನು ಕುರಿಗಾರರಿಗೆ ಕೊಟ್ಟ ಎಂದು ಏಳು ವರ್ಷ ಗಂಡನನ್ನು ಹಂಗಿಸಿದವಳು ಈಗ ತನ್ನ ಅಂಗೈಯನ್ನೇ ಸೆರಗಿಗೆ ಒರೆಸಿಕೊಂಡಳು.

"ಚಹಾ ಆರಾಕತ್ತೈತಿ," ಎಂದ ಹೊಳಿಯಪ್ಪ. "ಇತ್ತ ಕೊಡು. ಬೋಲ್ಟ್ ತಿಕ್ಕಿದ್ರ ಹೋಗೋ ರೋಗ. ಮಂದಿ ಸತ್ತದ್ದೇನಲ್ಲ."

ಮುನವ್ವರ ಬಿಸಿನೀರು ಹಾಕಿ ತೊಳೆದ, ಪಾಲಿಶ್ ಕಾಗದದಿಂದ ಕಬ್ಬಿಣ ಬೆಳ್ಳಗಾಗುವ ಹಾಗೆ ತಿಕ್ಕಿದ. ವೈರಿನ ತುದಿ ಕತ್ತರಿಸಿ ಹೊಸ ತುದಿ ಕಟ್ಟಿದ, ಬಿಗಿದು ಮೇಲೆ ಗ್ರೀಸು ಮೆತ್ತಿದ. ಇಪ್ಪತ್ತು ಸಲ ಸೆಲ್ಫ್ ಹೊಡೆಸಿದ. ಇಪ್ಪತ್ತು ಸಲವೂ ಗಾಡಿ ಎದ್ದಿತು. ಇಪ್ಪತ್ತೊಂದನೆಯ ಸಲ ಹೊಡೆಯಲು ಹೋದರೆ ಹೊಳಿಯಪ್ಪ, ಸಾಕು ಬಿಡು, ದೃಷ್ಟಿಯಾದೀತು ಎಂದ.

ಬೆಳಗ್ಗೆ ಹುಲಿಗವ್ವ ಕಟಕ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ ಎಲ್ಲವನ್ನೂ ಒಂದು ಗಂಟಾಗಿ ಕಟ್ಟಿದ್ದಳು. ನೀನೂ ಬಾ ಎಂದರೆ, ಆ ಒಂಟೆಯ ಮೇಲೆ ಕೂರಲು ನನಗೇನು ಹುಚ್ಚೇ ಎಂದಳು. ಹಾಗೆನ್ನುವಾಗ ಮುಖ ಗೋಡೆಯ ಕಡೆಗಿತ್ತು. ಒಳಗೆ ಹೋಗಿ ಒಂದು ಕಾಯಿ ಒಡೆದು ನೀರನ್ನು ಲೋಟಕ್ಕೆ ಬಸಿದು ತಂದಳು. ಹೊಳಿಯಪ್ಪ ಗಾಬರಿಯಾಗಿ ಸೀಟಿಗೆ ಕೈ ಅಡ್ಡ ಇಟ್ಟ.

"ಗಾಡಿಗಲ್ಲ. ನೀವ ಕುಡೀರಿ," ಎಂದಳು. "ಒಳಗರ ಇರಲಿ."

ಕುಡಿದು ಹೊರಟ. ಬೇವೂರು ದಾಟುವ ತನಕ ಡಾಂಬರು, ಆಮೇಲೆ ಬಂಡಿದಾರಿ, ಆಮೇಲೆ ಅದೂ ಇಲ್ಲ. ಆಳುದ್ದದ ಬಿರುಕು ಬಿಟ್ಟ ಎರೆ, ನೇಗಿಲು ಹೊಡೆದ ಹೆಂಟೆ. ಗಾಡಿ ಕುದುರೆಯಂತೆ ಕುಣಿಯುತ್ತಾ ಹೋಯಿತು. ದಿನ್ನೆ ಹತ್ತಿದಾಗ ಕೆಳಗೆ ಬಲೆ ಕಟ್ಟಿದ ಹಟ್ಟಿ ಕಂಡಿತು. ಹೇರು ಹೊರುವ ಎರಡು ಕುದುರೆ, ಮರಿಗಳ ಗೂಡು, ಒಲೆಯ ಹೊಗೆ.

ಅಲ್ಲೇ ಅವನು ಗಾಡಿ ನಿಲ್ಲಿಸಿದ. ಈ ಗದ್ದಲ ಹಟ್ಟಿಯ ತನಕ ಒಯ್ದರೆ ಎಳೆಮರಿಗಳು ಬೆದರಿ ಬಲೆ ಹರಿದುಕೊಂಡು ಓಡುತ್ತವೆ. ಕುರಿಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಎಂಜಿನ್ ಆರಿಸಬೇಕು. ಆರು ತಿಂಗಳಿಂದ ಮನೆಯ ಹೊರಗೆ ಒಮ್ಮೆಯೂ ಆರಿಸಿರಲಿಲ್ಲ. ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಹಳ ಹೊತ್ತು ಕೂತಿತು. ಕೊನೆಗೆ ಒತ್ತಿದ. ಸದ್ದಡಗಿತು. ಅಡಗಿದ ಮೇಲೆ ಕುರಿಗಳ ಕೊರಳ ಗಂಟೆ ಕೇಳಿಸಿತು, ಅದರ ನಡುವೆ ಒಂದು ಹೆಣ್ಣು ದನಿ, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಟ್ರೂ ಎಂದು ಕುರಿ ಕರೆಯುತ್ತಿತ್ತು. ಅವನ ಅವ್ವ ಹಾಗೇ ಕರೆಯುತ್ತಿದ್ದಳು. ನೇತ್ರಾವತಿಗೆ ಅದನ್ನು ಯಾರು ಕಲಿಸಿದರು?

ಹ್ಯಾಂಡಲ್ ಹಿಡಿದು, ಕೋಲುಗಾಲು ಎಳೆಯುತ್ತಾ, ಗಾಡಿಯನ್ನು ನೂಕುತ್ತಾ ಇಳಿದ. ಅರ್ಧ ದಾರಿಗೆ ಆಕೆ ನೋಡಿದಳು. ಓಡಿ ಬರಲಿಲ್ಲ, ಕಂಕುಳಲ್ಲಿ ಅರ್ಧ ಹಾಲು ಕುಡಿದ ಮರಿಯಿತ್ತು. ಅದರ ಬಾಯಿ ಒರೆಸಿ, ತಾಯಿಗೆ ಬಿಟ್ಟು, ಆಮೇಲೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಹಿಮ್ಮಡಿ ಒಡೆದಿದ್ದವು, ಮೈ ಗಟ್ಟಿಯಾಗಿತ್ತು. ಗಾಡಿಯ ಇನ್ನೊಂದು ಕಡೆ ಹಿಡಿದು ತಾನೂ ನೂಕಿದಳು.

"ಗಾಡಿ ಕೆಟ್ಟಿತೇನ ಯಪ್ಪಾ?"

"ಇಲ್ಲ. ಛಲೋ ಐತಿ. ಮರಿ ಬೆದರತಾವಂತ."

ಅವಳು ಸ್ವಲ್ಪ ದೂರ ನೂಕಿದಳು. "ಚಳಿಗಾಲದಾಗ ಒಂದಿನ ಇಲ್ಲೇ ಹಾರ್ನ್ ಕೇಳಿತ್ತು," ಎಂದಳು. "ಯಾಕೋ ನಿಂತು ನೋಡಿದ್ದೆ."

ಹೊಳಿಯಪ್ಪ ಹಾರ್ನಿನ ಗುಂಡಿಯನ್ನು ಒತ್ತದೆ ಬೆರಳಿಟ್ಟು ತೋರಿಸಿ, ತಲೆಯಾಡಿಸಿದ.

ಆ ದಿನವೆಲ್ಲ ಅವನು ಕುರಿ ನೋಡಿದ. ಗೊರಸು ಕೊಳೆತ ಐದಾರಕ್ಕೆ ಔಷಧ ಹಚ್ಚಿದ, ಬಾಯಿಯೊಳಗೆ ಬೆರಳು ಹಾಕಿ ಒಂದೊಂದರ ಹಲ್ಲು ಎಣಿಸಿದ. ಕಲ್ಲೇಶ ಮಾವನ ಪಕ್ಕದಲ್ಲಿ ಕುಳಿತು ಕುರಿಗಳ ಕಾಲು ಹಿಡಿದುಕೊಟ್ಟ. ಆರು ವರ್ಷದ ಶ್ವೇತಾ ಮೊದಲು ಅಜ್ಜನ ಹತ್ತಿರ ಬರಲಿಲ್ಲ, ಗಾಡಿಯ ಹತ್ತಿರ ಹೋದಳು, ಗಾಲಿಯ ಗುಬುಟುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಸಂಜೆ ಮೂರು ಕಲ್ಲಿನ ಒಲೆಯ ಮುಂದೆ ಹುಲಿಗವ್ವನ ಹೋಳಿಗೆ ಮುರಿಯುತ್ತಾ ನೇತ್ರಾವತಿ ಮೊದಲ ತುತ್ತು ಮೂಸಿದಳು, ತಿನ್ನಲು ಹೊತ್ತು ಹಿಡಿಯಿತು. ಕೇಳಬೇಕಾದ ಮಾತು ಹೊಳಿಯಪ್ಪನ ನಾಲಿಗೆಯ ಮೇಲೆ ಬಂದು ಬಂದು ಹಿಂದಕ್ಕೆ ಹೋಯಿತು. ಕಂಬಳಿ ಹೊದ್ದು ಹಟ್ಟಿಯ ಬದಿಯಲ್ಲಿ ಮಲಗಿದ. ಒಂಬತ್ತು ವರ್ಷದವನಿದ್ದಾಗ ಮಲಗಿದ ವಾಸನೆಯೇ ಅದು. ಆ ನಿದ್ದೆಯೇ ಬಂತು.

ನಸುಕಿನಲ್ಲಿ ಬಲೆ ಸುತ್ತಿದರು, ಕುದುರೆಗೆ ಹೇರು ಬಿಗಿದರು. ಬಡಗಣ ದಿಕ್ಕಿಗೆ ಮೋಡ ಕಟ್ಟಿತ್ತು. ಇನ್ನು ಕೇಳದಿದ್ದರೆ ಆಗದು ಎಂದು ಹೊಳಿಯಪ್ಪ ಮಗಳ ಹತ್ತಿರ ಹೋದ.

"ಯವ್ವಾ, ನಾ ಆವತ್ತ ನಿನ್ನ ಇಲ್ಲಿ ಕೊಡಬೇಕಾದ್ರ..."

"ಕೇಳಲಿಲ್ಲ," ಎಂದಳು ನೇತ್ರಾವತಿ. ಹಗ್ಗದ ಗಂಟು ಬಿಗಿಯುತ್ತಲೇ ಇದ್ದಳು. "ನನಗ ಇದು ಒಗ್ಗೇತಿ ಯಪ್ಪಾ. ಮಳಿಗಾಲದಾಗ ಒಂದೊಂದು ದಿನ ಬ್ಯಾಡ ಅನಸ್ತೈತಿ, ಬ್ಯಾಸಿಗ್ಯಾಗ ಮರತ ಹೋಗತೈತಿ. ನಿನ್ನ ಅಳಿಯ ನನ್ನ ಒಂದ ಮಾತು ಅಂದಾವಲ್ಲ. ಆದ್ರ ನನ್ನ ಯಾರೂ ಕೇಳಲಿಲ್ಲ. ಈಕಿನ್ನ ನಾ ಕೇಳಿ ಕೊಡಬೇಕಂತೀನಿ." ಗದ್ದದಿಂದ ಶ್ವೇತಾಳ ಕಡೆ ತೋರಿಸಿದಳು. "ಕೇಳಿದ್ರ ಈಕಿ ಏನ ಹೇಳ್ಯಾಳು? ಕುರಿ ಬಿಟ್ಟು ಬ್ಯಾರೆ ಏನ ಕಂಡಾಳ? ನಾಕ ಅಕ್ಷರ ಕಲೀಲಿ. ಇಸ್ಕೂಲ್ ಸುರು ಆಗತಾವಲ್ಲ. ನಿನ್ನ ಕೂಡ ಕರಕೊಂಡ ಹೋಗು. ಮುಂದ ಕುರೀನ ಬೇಕಂದ್ರ ಕುರಿ. ಕಂಡು ಬೇಕನ್ನಲಿ."

ಹೊಳಿಯಪ್ಪ ಕಲ್ಲೇಶನ ಕಡೆ ನೋಡಿದ. ಅವನು ಆಗಲೇ ಮಗಳ ಬಟ್ಟೆಯ ಗಂಟನ್ನು ಗಾಡಿಯ ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟುತ್ತಿದ್ದ. ಕಟ್ಟಿದ್ದನ್ನೇ ಎರಡೆರಡು ಸಲ ಬಿಚ್ಚಿ ಕಟ್ಟಿದ.

"ಮಾವಾ, ನಿಧಾನಕ್ಕ ಹೊಡೀರಿ," ಎಂದ. "ಬ್ರೇಕಿಗೆ ಕಾಲು ಬರತೈತೇನ್ರಿ?"

"ಬರತೈತಿ."

ನೇತ್ರಾವತಿ ಮಗಳನ್ನು ಎತ್ತಿ ಟಾಕಿಯ ಮೇಲೆ ಕೂರಿಸಿದಳು. ಕುರಿಗಳು ನಡೆಯಲು ಶುರುಮಾಡಿದ್ದವು, ಅವು ಯಾರಿಗೂ ಕಾಯುವುದಿಲ್ಲ. ಆಕೆ ಮಗಳ ಕೂದಲು ಸರಿಮಾಡಿ, ಮೂಗು ಒರೆಸಿ, ಟ್ರೂ ಎಂದು ಕುರಿಗಳನ್ನು ಕೂಗುತ್ತಾ ಹೊರಟಳು. ಸ್ವಲ್ಪ ದೂರ ಹೋಗಿ, ತಿರುಗದೆ, ಕೈ ಎತ್ತಿದಳು. ಕುರಿಗಳು ದೂರವಾಗುವ ತನಕ ಹೊಳಿಯಪ್ಪ ಗಾಡಿಯನ್ನು ಚಾಲೂ ಮಾಡಲಿಲ್ಲ. ಆಮೇಲೆ ಒತ್ತಿದ. ಮುಟ್ಟಿದ್ದೇ ತಡ, ಎದ್ದಿತು.

ಮೊದಲ ಬದು ದಾಟುವಷ್ಟರಲ್ಲಿ ಶ್ವೇತಾ ಅಂದಳು: "ಮುತ್ಯಾ, ನಿಂದ್ರಸು."

ನಿಲ್ಲಿಸಿ ಎಂಜಿನ್ ಆರಿಸಿದ. ದಿನ್ನೆಯ ಆಚೆಯಿಂದ ಗಂಟೆಗಳ ಸದ್ದು ಬಂತು. ಹುಡುಗಿ ಕೊರಳು ಹೊರಳಿಸಿ ಕೇಳಿದಳು, ಅಳಲಿಲ್ಲ. "ಹೂಂ, ಹೊಡಿ," ಎಂದಳು. ಹಳ್ಳದ ದಂಡೆಯಲ್ಲಿ ಮತ್ತೆ ನಿಲ್ಲಿಸು ಎಂದಳು. ಸದ್ದು ಸಣ್ಣಗಾಗಿತ್ತು. ಬಂಡಿದಾರಿಗೆ ಸೇರುವಲ್ಲಿ ಮತ್ತೊಮ್ಮೆ. ಅಲ್ಲಿ ಒಂದೇ ಒಂದು ಗಂಟೆ, ಅದೂ ಗಾಳಿ ಬೀಸಿದಾಗ ಮಾತ್ರ. ಪ್ರತಿ ಸಲ ಹೆಬ್ಬೆರಳು ಇಟ್ಟ ಕೂಡಲೇ ಗಾಡಿ ಎದ್ದಿತು.

ಬೇವೂರಿನ ಡಾಂಬರು ಕಾಣುವ ಏರಿನ ಮೇಲೆ ಅವಳು ಏನೂ ಕೇಳಲಿಲ್ಲ, ಅಜ್ಜನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು. ಹೊಳಿಯಪ್ಪ ತಾನೇ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕಿವಿಗೊಟ್ಟು ಕುಳಿತ.